ಹೊಸಿಲು ದಾಟದ ಬಿಯರು

ಬಿಯರಿನ ವಿಷಯದಲ್ಲಿ ನನಗೆ ಒಂದಿಷ್ಟು ಜಂಬವಿತ್ತು, ಈಗಲೂ ಪೂರ್ತಿ ಹೋಗಿಲ್ಲ. ತೂಕದ ಯಂತ್ರ ರಿಪೇರಿ ಮಾಡುವುದು ನನ್ನ ಕೆಲಸ. ಊರೂರು ಸುತ್ತುತ್ತೇನೆ. ಸುತ್ತಿದ ಕಡೆ ಏನು ಕುಡಿದೆ, ಹೇಗಿತ್ತು, ಹತ್ತಕ್ಕೆ ಎಷ್ಟು ಕೊಡಬಹುದು ಎಂದು ಬರೆದಿಡುವುದು ಹವ್ಯಾಸ. ಕಾರ್ಖಾನೆಯ ಬಿಯರು ಯಾವತ್ತೋ ಬೇಸರ ಬಂದುಹೋಗಿತ್ತು. ನನಗೆ ಹುಚ್ಚು ಹಿಡಿಸಿದ್ದು ಹೊಲಮನೆಯ ಬಿಯರು. ಪರದೇಶದ ರೈತರು ಸುಗ್ಗಿಯ ಆಳುಗಳಿಗೆಂದು ಮನೆಯಲ್ಲೇ ಮಾಡುತ್ತಿದ್ದರಂತೆ. ಕೊಂಚ ಹುಳಿ, ಕೊಂಚ ಒಣಹುಲ್ಲಿನ ವಾಸನೆ, ಒಂದು ಮನೆಯದು ಇನ್ನೊಂದು ಮನೆಯದರಂತೆ ಇರುವುದೇ ಇಲ್ಲ. ಅಂಥ ಬಾಟಲಿಗಳನ್ನು ತರಿಸಿ, ನಾಲ್ಕು ಜನ ಗೆಳೆಯರು ಕೂತು, ಗ್ಲಾಸುಗಳನ್ನು ಸಾಲಾಗಿ ಇಟ್ಟುಕೊಂಡು, ಇದು ಮೇಲೋ ಅದು ಮೇಲೋ ಎಂದು ಇಡೀ ಭಾನುವಾರ ಕಿತ್ತಾಡುತ್ತಿದ್ದೆವು. ಸಾಲಾಗಿ ಇಟ್ಟುಕೊಳ್ಳುವುದೇ ಮುಖ್ಯ. ಇದರ ಗುಟುಕು, ಅದರ ಗುಟುಕು, ಮತ್ತೆ ಇದರದು. ಹಾಗೆ ಮಾಡದೆ ಹೋಲಿಸುತ್ತೇನೆ ಅನ್ನುವವನು ಸುಳ್ಳ ಎಂದು ನಾನು ಎಲ್ಲರ ಮುಂದೆ ಹೇಳುತ್ತಿದ್ದೆ.

ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಬಸ್ಸು ಸಿಗುವುದಿಲ್ಲ. ಅಲ್ಲಿಯ ಸೊಸೈಟಿಯ ದೊಡ್ಡ ತೂಕದ ಕಾಟಾ ಕೆಟ್ಟಿತ್ತು. ಬಿಚ್ಚಿ ನೋಡಿದರೆ ಒಳಗಿನ ಒಂದು ಭಾಗ ಹೊರಗಿನಿಂದಲೇ ಬರಬೇಕಿತ್ತು. ಅದು ಬರುವ ತನಕ, ಅಂದರೆ ಹತ್ತಿರ ಹತ್ತಿರ ಆರು ವಾರ, ನಾನು ಸೊಸೈಟಿಯ ಹಿಂದಿನ ಕೋಣೆಯಲ್ಲಿ ಉಳಿದೆ. ಎರಡನೆಯ ದಿನವೇ ಕಾರ್ಯದರ್ಶಿ ತನ್ನ ಮನೆಗೆ ಕರೆದೊಯ್ದು, ಕತ್ತಲೆ ಮೂಲೆಯಲ್ಲಿದ್ದ ಮಡಕೆಯಿಂದ ಬಟ್ಟಲು ತುಂಬಿ ಕೊಟ್ಟ. ಜೋಳದ ಮೊಳಕೆಯ ಬಿಯರು. ಕುಡಿದವನೇ ನೆಟ್ಟಗೆ ಕೂತೆ. ಇಷ್ಟು ವರ್ಷ ಬಾಟಲಿಗಳಲ್ಲಿ ಹುಡುಕಿದ್ದು ಇಲ್ಲಿ ಮೂಲೆಯಲ್ಲಿ ಬುರುಬುರು ಅನ್ನುತ್ತ ಕೂತಿತ್ತು. ಊರಿನಲ್ಲಿ ಇನ್ನೂರು ಚಿಲ್ಲರೆ ಮನೆ, ಮನೆಗೊಂದು ಮಡಕೆ. ಅವರು ಅದನ್ನು ಬಿಯರು ಅನ್ನುವುದಿಲ್ಲ. ಮಡಕೆಗೂ ಅದರೊಳಗಿನದಕ್ಕೂ ಒಂದೇ ಹೆಸರು, ಗಡಿಗೆ; ಅವರ ಬಾಯಲ್ಲಿ ಗಡಿಗಿ.

ಒಂದು ಬಾಟಲಿಗೆ ತುಂಬಿಸಿಕೊಡಿ, ಕೋಣೆಗೆ ಒಯ್ದು ನಿಧಾನವಾಗಿ ಕುಡಿಯುತ್ತೇನೆ ಎಂದೆ.

"ಒಯ್ರಿ, ಯಾರ ಬ್ಯಾಡಂದ್ರು," ಎಂದು ಕಾರ್ಯದರ್ಶಿ ನಕ್ಕ. "ಹೊಸ್ತಿಲಾ ದಾಟಿದ ಮ್ಯಾಲ ಮುಖ ತೊಳ್ಕೊಳ್ಳಾಕ ಬರತೈತಿ."

ಹೊಸಿಲು ದಾಟಿದೆ. ಬಾಟಲಿಯಲ್ಲಿದ್ದದ್ದು ನೀರು. ಬಣ್ಣವಿಲ್ಲ, ನೊರೆಯಿಲ್ಲ, ಬಾವಿಯಿಂದ ಈಗ ಸೇದಿದ ಹಾಗಿತ್ತು. ಮರುದಿನ ಥರ್ಮಾಸಿನಲ್ಲಿ ಒಯ್ದೆ, ನೀರು. ಅದರ ಮರುದಿನ ಬಾಯಿ ತುಂಬ ಹಿಡಿದುಕೊಂಡು, ಕೆನ್ನೆ ಉಬ್ಬಿಸಿಕೊಂಡು ಹೊರಗೆ ಹೆಜ್ಜೆಯಿಟ್ಟೆ. ಬಾಯೊಳಗೇ ನೀರಾಯಿತು. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಊರಿಗೆ ಬಂದ ಪರಸ್ಥಳದವರೆಲ್ಲ ಈ ಮೂರು ಆಟ ಆಡಿಯೇ ಆಡುತ್ತಾರಂತೆ. ನಾಲಿಗೆಯ ಮೇಲಿನ ರುಚಿಯೂ ಅಷ್ಟೇ, ಏರಿದ ಅಮಲೂ ಅಷ್ಟೇ, ಎಲ್ಲ ಬಾಗಿಲಲ್ಲೇ ಇಳಿದುಹೋಗುತ್ತದೆ. ಗಂಡ ಅತಿಯಾಗಿ ಕುಡಿದು ಹಾರಾಡಿದರೆ ಹೆಂಡತಿ ಅವನ ರಟ್ಟೆ ಹಿಡಿದು ಹೊಸಿಲಾಚೆ ದಬ್ಬುತ್ತಾಳೆ. ಅವನು ಅಂಗಳದಲ್ಲಿ ನೆಟ್ಟಗೆ ನಿಂತು, ತಲೆ ಕೆರೆದುಕೊಂಡು, ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋಗುತ್ತಾನೆ. ಊರಲ್ಲಿ ಹೆಂಡದಂಗಡಿಯಿಲ್ಲ, ಬೀದಿಯಲ್ಲಿ ತೂರಾಡುವವರಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಊರಿನವರು ಇನ್ನೊಬ್ಬರ ಮನೆಯಲ್ಲಿ ಉಣ್ಣುತ್ತಾರೆ, ಗಡಿಗೆ ಮಾತ್ರ ಕುಡಿಯುವುದಿಲ್ಲ. ಹೆಣ್ಣುಮಕ್ಕಳು ತವರಿನಲ್ಲಿ ಮೊಳಕೆ ಕಟ್ಟುತ್ತಾರೆ, ಬೀಸುತ್ತಾರೆ, ಕುದಿಸುತ್ತಾರೆ, ಹನಿ ಬಾಯಿಗೆ ಹಾಕುವುದಿಲ್ಲ. ಅವರು ಮೊದಲ ಗುಟುಕು ಕುಡಿಯುವುದು ಗಂಡನ ಮನೆಯಲ್ಲಿ. ನಮ್ಮದನ್ನು ಹೀಗೆ ಮಾಡುತ್ತೇವೆ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಹಾಗಾಗಿ ಪಕ್ಕದ ಮನೆಯದು ಹೇಗಿದೆ ಎಂಬುದು ಆ ಊರಿನಲ್ಲಿ ಹುಟ್ಟಿ ಸತ್ತವರಿಗೂ ಗೊತ್ತಾಗುವುದಿಲ್ಲ. ಪರಸ್ಥಳದವನಿಗೆ ಈ ಕಟ್ಟು ಇಲ್ಲ. ಹೋದ ಮನೆಯಲ್ಲೆಲ್ಲ ಬಟ್ಟಲು ಕೊಟ್ಟು, ನಾನು ಅರ್ಧ ಕುಡಿಯುವ ಮುಂಚೆಯೇ, "ಆಚೀ ಮನೀದು ಹೆಂಗೈತ್ರಿ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಏನೇ ಕೇಳಿದರೂ "ಚೆಂದ ಐತಿ" ಅಂದುಬಿಡಿ, ಹೆಚ್ಚಿಗೆ ಒಂದು ಮಾತು ಆಡಬೇಡಿ ಎಂದು ಕಾರ್ಯದರ್ಶಿ ಮೊದಲ ಬಟ್ಟಲು ಕೊಟ್ಟ ದಿನವೇ ಕೈಮುಗಿದು ಹೇಳಿದ್ದ.

ನಾನು ಮೂರು ವಾರ ಚೆಂದ ಐತಿ, ಚೆಂದ ಐತಿ ಅಂದೆ. ರಾತ್ರಿ ಬರೆದಿಡುತ್ತಿದ್ದೆ: ಎಳೆ ಹುಣಸೆ, ಒದ್ದೆ ಮಣ್ಣು, ಆರು. ನಿಂಬೆ ಸಿಪ್ಪೆ, ಕೊನೆಗೆ ಕಹಿ, ಏಳೂವರೆ. ಸಾಲಾಗಿ ಗ್ಲಾಸು ಇಡಲಾಗದ ಊರಿನಲ್ಲಿ ನನಗೆ ಉಳಿದಿದ್ದು ಆ ಪುಸ್ತಕ ಮಾತ್ರ. ಅರವತ್ತು ಮನೆ ಮುಗಿಸಿದ್ದೆ. ಇಷ್ಟು ತಿಳಿದುಕೊಂಡು ಬಾಯಿ ಮುಚ್ಚಿಕೊಂಡಿರುವುದು ನನ್ನಂಥವನಿಗೆ ಎಷ್ಟು ಕಷ್ಟ ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ.

ಸೊಸೈಟಿಯ ಹಿಂದಿನ ಓಣಿಯಲ್ಲಿ ದುರಗಪ್ಪನ ಮನೆ. ಅದರ ಎದುರಿಗೇ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಅವನ ಅಕ್ಕ ಹೊನ್ನವ್ವನನ್ನು ಕೊಟ್ಟ ಮನೆ. ದುರಗಪ್ಪ ಐವತ್ತರ ಆಚೆಯವನು, ಒಳ್ಳೆಯವನೇ, ಆದರೆ ಮುಖದ ಮೇಲೆ ಯಾವಾಗಲೂ ಏನೋ ಕಳೆದುಕೊಂಡವನ ಚಿಂತೆ. ಅವನ ತಾಯಿ ಸತ್ತು ಹನ್ನೊಂದು ವರ್ಷ. ಅಲ್ಲಿಂದೀಚೆಗೆ ಗಡಿಗೆ ಹಾಕುತ್ತಿದ್ದವಳು ಹೆಂಡತಿ ಕರೆವ್ವ. ಅವಳು ಬಟ್ಟಲು ಕೊಟ್ಟಾಗಲೆಲ್ಲ ಅವನು ಒಂದು ಗುಟುಕು ಕುಡಿದು, "ಅವ್ವನದರಂಗ ಇಲ್ಲ," ಎಂದು ಮಿಕ್ಕಿದ್ದನ್ನು ಕುಡಿಯುತ್ತಿದ್ದ. ನನ್ನ ಮುಂದೆಯೇ ಎರಡು ಸಲ ಅಂದ. ಕರೆವ್ವ ಒಲೆಯ ಕಡೆ ತಿರುಗಿದಳು.

ಆವತ್ತು ಅವನು ಕೇಳಿದ: "ಸಾಹೇಬ್ರ, ನಮ್ಮಕ್ಕನ ಮನೀದು ಹೆಂಗೈತ್ರಿ?"

ಚೆಂದ ಐತಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹೊನ್ನವ್ವನ ಮನೆಯದು ನನಗೆ ಆ ಊರಿನಲ್ಲಿ ಸಿಕ್ಕ ಅತ್ಯುತ್ತಮ ಬಿಯರು, ಹಿಂದಿನ ದಿನವಷ್ಟೇ ಇನ್ನೊಮ್ಮೆ ಕುಡಿದು ಬಂದಿದ್ದೆ. ಬಾಯಿ ತಡೆಯಲಿಲ್ಲ. "ನಾನು ಅಂಕ ಹಾಕುತ್ತೇನಲ್ಲ, ಅದರ ಪ್ರಕಾರ ಅಲ್ಲಿಯದಕ್ಕೆ ಎಂಟೂವರೆ, ಇಲ್ಲಿಯದಕ್ಕೆ ಏಳು," ಅಂದೆ. ಏಳು ಕಡಿಮೆಯಲ್ಲ, ಏಳು ಅಂದರೆ ಒಳ್ಳೆಯದು ಎಂದು ವಿವರಿಸಲೂ ಹೊರಟೆ.

ದುರಗಪ್ಪ ಬಟ್ಟಲು ಕೆಳಗಿಟ್ಟ. "ಇಷ್ಟು ದಿನ ನಂದಾ ನಾಲಿಗಿ ಕೆಟ್ಟೈತಿ ಅಂದ್ಕೊಂಡು ಸುಮ್ನಿದ್ದೆ. ಈಗ ತಿಳಿದವರು ಹೇಳ್ಯಾರ. ಒಪ್ಪಿಸೋ ದಿನ ಬರಲಿ, ಈ ಸಲ ನಾ ಬಟ್ಟಲ ಎತ್ತಂಗಿಲ್ಲ."

ಒಪ್ಪಿಸುವ ದಿನವೆಂದರೆ ಹೊಸ ಜೋಳದ ಮೊದಲ ಗಡಿಗೆ ತೆರೆಯುವ ಬೆಳಗ್ಗೆ. ಎಲ್ಲ ಮನೆಗಳ ಬಾಗಿಲು ತೆರೆದಿರುತ್ತದೆ, ಓಣಿಯ ಜನ ಹೊರಗೆ ನಿಂತು ನೋಡುತ್ತಿರುತ್ತಾರೆ, ಮನೆಯ ಯಜಮಾನ ಒಳಗೆ ಮೊದಲ ಬಟ್ಟಲು ಕುಡಿಯುತ್ತಾನೆ. ಕುಡಿಯದೆ ಕೆಳಗಿಟ್ಟರೆ ಮಡಕೆ ಬೋರಲು ಹಾಕುತ್ತಾರೆ. ಆ ಹೆಂಗಸು ಮತ್ತೆ ಜನ್ಮದಲ್ಲಿ ಗಡಿಗೆ ಹಾಕುವಂತಿಲ್ಲ. ಬೇರೆ ಶಿಕ್ಷೆಯೇನಿಲ್ಲ, ಯಾರೂ ಏನೂ ಅನ್ನುವುದಿಲ್ಲ. ಆದರೆ ಮೇಲಿನ ಓಣಿಯಲ್ಲಿ ಹಾಗಾದ ಒಬ್ಬಾಕೆಯನ್ನು ನಾನು ನೋಡಿದ್ದೆ. ಕಟ್ಟೆಯ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯದವಳಂತೆ ಕೂತಿರುತ್ತಿದ್ದಳು. ಒಪ್ಪಿಸುವ ದಿನಕ್ಕೆ ಇನ್ನು ಹದಿನೆಂಟು ದಿನವಿತ್ತು.

ಮರುದಿನ ಕರೆವ್ವ ಸೊಸೈಟಿಗೆ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬಿಚ್ಚಿಟ್ಟ ಕಾಟಾದ ಮುಂದೆ ನಿಂತು ಕೇಳಿದಳು: "ಆ ಒಂದೂವರಿ ಎಲ್ಲಿ ಹೋತ್ರಿ ಸಾಹೇಬ್ರ?"

"ಅಂದರೆ?"

"ನೀವು ತೂಕದವರು. ಕಡಿಮಿ ಬಿತ್ತು ಅಂತೀರಿ, ಎಲ್ಲಿ ಕಡಿಮಿ ಬಿತ್ತು ಅಂತ ಹೇಳಬೇಕಲ್ಲ? ನಮ್ಮತ್ತಿ ಇರೂ ಮಟಾ ಬಾಗಲಾ ಹಾಕ್ಕೊಂಡು ಮೊಳಕಿ ಒಣಗಸ್ತಿದ್ಲು, ನನಗ ಗಡಿಗಿ ಮುಟ್ಟಗೊಡಲಿಲ್ಲ. ಆಕೀದರಾಗ ಇದ್ದದ್ದು ನನ್ನದರಾಗ ಇಲ್ಲ ಅಂತ ನನಗೂ ಗೊತ್ತೈತಿ. ಹನ್ನೊಂದು ವರ್ಷ ಹುಡುಕೀನಿ. ಸಿಗವಲ್ದು." ಅವಳು ಕಾಟಾದ ತಟ್ಟೆಯ ಮೇಲೆ ಅಂಗೈ ಊರಿದಳು. "ನೀವು ಎರಡೂ ಮನೀ ಕುಡಿಯಾವರು. ಹುಡುಕಿ ಕೊಡ್ರಿ."

ನನಗೆ ನಾಚಿಕೆಯಾಯಿತು. ಜೊತೆಗೆ, ಸುಳ್ಳು ಯಾಕೆ ಹೇಳಲಿ, ಕುತೂಹಲವೂ ಕೆರಳಿತು. ಅಂಕ ಹಾಕಿದ್ದೆನೇ ಹೊರತು ಒಂದೂವರೆ ಎಲ್ಲಿ ಹೋಯಿತೆಂದು ನನ್ನನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಅಲ್ಲಿಂದ ನನ್ನ ಓಡಾಟ ಶುರುವಾಯಿತು. ಕರೆವ್ವನ ಮನೆಯಲ್ಲಿ ಒಂದು ಬಟ್ಟಲು, ಇಪ್ಪತ್ತು ಹೆಜ್ಜೆ, ಹೊನ್ನವ್ವನ ಮನೆಯಲ್ಲಿ ಒಂದು ಬಟ್ಟಲು. ಬಾಗಿಲಲ್ಲಿ ನಾಲಿಗೆ ತೊಳೆದಂತಾಗುತ್ತಿತ್ತು. ಒಳಗಿದ್ದಾಗಲೇ ಬರೆದುಕೊಳ್ಳುತ್ತಿದ್ದೆ, ಮತ್ತೊಂದು ಮನೆಯೊಳಗೆ ಕೂತು ಓದಿಕೊಳ್ಳುತ್ತಿದ್ದೆ. ನನ್ನ ಹಳೆಯ ಪದಗಳೆಲ್ಲ ಕೈಕೊಟ್ಟವು. ಹುಳಿ ಎಂದು ಬರೆದರೆ ಎಂಥ ಹುಳಿ? ಮಜ್ಜಿಗೆಯದೋ, ಮಾವಿನಕಾಯಿಯದೋ, ಹಲ್ಲು ಜುಮ್ಮೆನ್ನುವುದೋ, ಗಂಟಲಲ್ಲಿ ನಿಲ್ಲುವುದೋ? ನುಂಗಿದ ಮೇಲೆ ರೊಟ್ಟಿ ಬೇಕೆನಿಸುತ್ತದೋ, ನಿದ್ದೆ ಬೇಕೆನಿಸುತ್ತದೋ? ಕರೆವ್ವನದು ಬಾಯಿಗಿಟ್ಟ ಕೂಡಲೇ ಹಗುರ, ಎಳೆ ಬಿಸಿಲಿನ ಹಾಗೆ, ಬೇಗ ಮುಗಿಯುತ್ತದೆ. ಹೊನ್ನವ್ವನದು ನಿಧಾನ, ಮುಗಿಯಿತು ಅನ್ನುವಾಗ ಇನ್ನೊಮ್ಮೆ ಬರುತ್ತದೆ. ಹಾಗೆ ಇನ್ನೊಮ್ಮೆ ಬರುವುದೇ ಆ ಒಂದೂವರೆ. ಅದೇನು?

ಹೊನ್ನವ್ವ ಗಟ್ಟಿ ಹೆಂಗಸು, ನಗುಮುಖದವಳು. ಅವಳ ಗಂಡ ಭರಮಪ್ಪ ಮಾತು ಕಡಿಮೆ, ಬಟ್ಟಲು ಹಿಡಿದು ಗೋಡೆಗೊರಗಿ ಕೂರುವವನು. ಅವರ ಮದುವೆಯಾಗಿ ಮೂವತ್ತೊಂದು ವರ್ಷ. ಅವಳು ಆ ಮನೆಗೆ ಬರುವ ಮೂರು ತಿಂಗಳ ಮುಂಚೆಯೇ ಅತ್ತೆ ತೀರಿಕೊಂಡಿದ್ದಳು. "ಅತ್ತಿ ಗಡಿಗಿ ನಾ ಕುಡಿದೇ ಇಲ್ರಿ," ಎಂದು ಹೊನ್ನವ್ವ ಹೆಮ್ಮೆಯಿಂದ ಹೇಳಿದಳು. "ಆಕಿ ಹೆಪ್ಪು ಇತ್ತು, ಇವರ ನಾಲಿಗಿ ಇತ್ತು. ಮಾಡಿದೆ, ನಿಮ್ಮವ್ವನದರಂಗ ಐತೇನು ಅಂತ ಕೇಳಿದೆ, ಹಂಗಾ ಐತಿ ಅಂದ್ರು. ಈ ಮನೀ ರುಚಿ ಒಂದು ಹನಿ ಆಕಡೆ ಈಕಡೆ ಆಗದಂಗ ಇಟ್ಟೀನಿ." ಭರಮಪ್ಪ ಬಟ್ಟಲೊಳಗೆ ನೋಡುತ್ತಿದ್ದ.

ಒಂದು ಮಧ್ಯಾಹ್ನ ದುರಗಪ್ಪನನ್ನು ಕೂರಿಸಿಕೊಂಡು, ನಿಮ್ಮ ತಾಯಿಯದು ಹೇಗಿತ್ತು, ಸರಿಯಾಗಿ ಹೇಳಿ ಎಂದೆ. ಅವನು ಕಣ್ಣು ಮುಚ್ಚಿಕೊಂಡ. "ನುಂಗಿದ ಮ್ಯಾಲ ಒಂದು ಗಳಿಗಿ ಏನೂ ಇರ್ತಿದ್ದಿಲ್ರಿ. ಆಮ್ಯಾಲ ನಾಲಿಗಿ ಹಿಂದ, ಸೀದ ರೊಟ್ಟಿ ಅಂಚು ಕಡದಂಗ ಬರ್ತಿತ್ತು."

ನಾನು ಪುಸ್ತಕ ತೆಗೆದೆ. ಮೂರು ವಾರದ ಹಿಂದೆ, ಹೊನ್ನವ್ವನ ಮನೆಯಲ್ಲಿ ಮೊದಲ ಸಲ ಕುಡಿದಾಗ ಬರೆದದ್ದು: ಕೊನೆಗೆ, ತಡವಾಗಿ, ಸೀದ ರೊಟ್ಟಿಯ ಅಂಚು. ನನ್ನದೇ ಅಕ್ಷರ. ದುರಗಪ್ಪನಿಗೆ ಏನೂ ಹೇಳದೆ ಎದ್ದು ಬಂದೆ.

ಮಾರನೆಯ ದಿನ ಹೊನ್ನವ್ವ ಹೊಸ ಗಡಿಗೆಗೆ ಮೊಳಕೆ ಸಿದ್ಧ ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ನೋಡಿದೆ. ರೊಟ್ಟಿ ಬೇಯಿಸಿ ಮುಗಿದ ಮೇಲೆ ಅವಳು ಹಂಚನ್ನು ಕೆಳಗಿಳಿಸಲಿಲ್ಲ. ಬೆಂಕಿ ಹೊರಗೆಳೆದು, ಬಿಸಿ ಹಂಚಿನ ಮೇಲೆ ಮೊಳಕೆ ಹರಡಿ, ಅಂಗೈಯಿಂದ ಸವರುತ್ತ ಕೂತಳು. ಕೆಲವು ಕಾಳು ಅಂಚಿನಲ್ಲಿ ಕೆಂಪಗಾದವು, ಕೆಲವು ಕಪ್ಪಗಾದವು. ಅರವತ್ತು ಮನೆ ನೋಡಿದ್ದೆ. ಎಲ್ಲರೂ ಮೊಳಕೆಯನ್ನು ಬೇರೆಯವರ ಕಣ್ಣಿಗೆ ಬೀಳದಂತೆ, ಮನೆಯೊಳಗೆ ಬೆಳಕಿಂಡಿಯ ಬಿಸಿಲಿಗೆ ಹಾಕುತ್ತಿದ್ದರು.

"ಹೀಗೆ ಹಂಚಿನ ಮೇಲೆ ಯಾಕೆ?" ಎಂದೆ.

"ಮತ್ತ ಹೆಂಗ ಒಣಗಸ್ತಾರ್ರಿ? ಎಲ್ಲಾರೂ ಹಿಂಗಾ ಅಲ್ಲೇನು?"

"ಯಾರು ಕಲಿಸಿದರು?"

"ಕಲಿಸೂದೇನು, ನಮ್ಮವ್ವ ಹಿಂಗಾ..." ಎಂದವಳ ಕೈ ಹಂಚಿನ ಮೇಲೆ ನಿಂತಿತು. ಸುಟ್ಟಿದ್ದೂ ಗೊತ್ತಾಗಲಿಲ್ಲ. ನಾನೇ ಕೈ ಎಳೆದೆ.

ದುರಗಪ್ಪ ಅಂದದ್ದನ್ನೂ ನಾನು ಬರೆದದ್ದನ್ನೂ ಹೇಳಿದೆ. ಅವಳು ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ತಾನು ಒಂದು ಹನಿಯೂ ಕುಡಿಯದ ತಾಯಿಯ ಗಡಿಗೆಯನ್ನು ಮೂವತ್ತೊಂದು ವರ್ಷದಿಂದ ದಿನಾ ಕುಡಿಯುತ್ತಿದ್ದೇನೆ ಎಂದು ತಿಳಿದರೆ ಸಂತೋಷಪಡುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಹೆದರಿದಳು. "ಹಂಗಾರ ಈ ಮನೀ ರುಚಿ ನಾ ಕೊಂದಂಗ ಆತಲ್ರಿ. ಇವರವ್ವಂದು ಏನೂ ಉಳೀಲಿಲ್ಲ. ಇವರಿಗೆ ಗೊತ್ತಾದ್ರ ನಾ ಹೆಂಗ ಮುಖ ತೋರಸ್ಲಿ? ಯಾರಿಗೂ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹಾಗಾಗಿ ಕರೆವ್ವ ಮತ್ತೆ ಬಂದು ಸಿಕ್ಕಿತೇನ್ರಿ ಎಂದಾಗ ಸಿಗಲಿಲ್ಲ ಎಂದೆ. ಆಗಲಿ ಬಿಡ್ರಿ ಎಂದು ಹೋದಳು. ಉಳಿದ ಹತ್ತು ದಿನ ನನಗೆ ಯಾವ ಮನೆಯದೂ ರುಚಿಸಲಿಲ್ಲ. ಬಾಯಿ ಬಿಟ್ಟು ಕರೆವ್ವನಿಗೆ ಕೇಡು ಮಾಡಿದ್ದೆ, ಬಾಯಿ ಮುಚ್ಚಿಕೊಂಡು ಅವಳಿಗೇ ಇನ್ನೊಮ್ಮೆ ಕೇಡು ಮಾಡುತ್ತಿದ್ದೆ. ಕಾಟಾದ ಭಾಗ ಬಂತು, ಕೂರಿಸಿದೆ, ಸರಿಹೋಯಿತು. ಹೊರಡಬಹುದಿತ್ತು. ಹೊರಡಲಿಲ್ಲ.

ಒಪ್ಪಿಸುವ ದಿನ ಬೆಳಗ್ಗೆ ಓಣಿಯ ತುಂಬ ಜನ. ಸಾಲಾಗಿ ಒಂದೊಂದೇ ಮನೆಯ ಯಜಮಾನ ಕುಡಿದ, ಹೊರಗಿನವರು ಹೋ ಅಂದರು. ಭರಮಪ್ಪನೂ ಕುಡಿದ. ದುರಗಪ್ಪನ ಸರದಿ ಬಂದಾಗ ಓಣಿ ಸುಮ್ಮನಾಯಿತು. ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಕರೆವ್ವ ಬಟ್ಟಲು ತಂದು ಅವನ ಮುಂದಿಟ್ಟಳು. ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ನೆಟ್ಟಗೆ ನಿಂತಿದ್ದಳು. ಅವನು ಬಟ್ಟಲು ಮುಟ್ಟಲಿಲ್ಲ.

ಆಗ ಎದುರು ಮನೆಯಿಂದ ಹೊನ್ನವ್ವ ಬಂದಳು. ಜನರ ನಡುವೆ ದಾರಿ ಮಾಡಿಕೊಂಡು, ತಮ್ಮನ ಮನೆಯೊಳಗೆ ಹೋಗಿ, ಅವನ ರಟ್ಟೆ ಹಿಡಿದಳು. "ಏಳು."

"ಎಲ್ಲಿಗೆ ಅಕ್ಕಾ?"

"ಏಳಂದ್ರ ಏಳು. ಬಟ್ಟಲ ಕೆಳಗಿಡೂದು ಆಮ್ಯಾಲ."

ಅವನನ್ನು ಓಣಿ ದಾಟಿಸಿ ತನ್ನ ಮನೆಗೆ ಎಳೆದುಕೊಂಡು ಹೋದಳು. ಮಡಕೆಯಿಂದ ಬಟ್ಟಲು ತುಂಬಿ ಕೈಗೆ ಕೊಟ್ಟಳು. ಹೊರಗೆ ಯಾರೋ ಅಯ್ಯೋ ಅಂದರು. ಬೇರೆ ಮನೆಯ ಗಡಿಗೆ ಊರಿನವನೊಬ್ಬ ಕುಡಿಯುವುದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ದುರಗಪ್ಪ ಅಕ್ಕನ ಮುಖ ನೋಡಿದ, ಕುಡಿದ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅವನು ಕಣ್ಣು ಮುಚ್ಚಿಕೊಂಡ. "ಅವ್ವಂದು," ಎಂದು, ಐವತ್ತು ದಾಟಿದ ಗಂಡಸು, ಎಲ್ಲರೆದುರು ಅತ್ತುಬಿಟ್ಟ.

ಹೊನ್ನವ್ವ ಗಂಡನ ಕಡೆ ತಿರುಗಿದಳು, ತಲೆ ಎತ್ತಲಿಲ್ಲ. "ನನ್ನದು ತಪ್ಪಾತ್ರಿ. ನನಗ ತಿಳೀಲಿಲ್ಲ. ನಿಮ್ಮವ್ವಂದು ಅಂತಾನ ಮಾಡ್ಕೋತ ಬಂದೆ."

ಭರಮಪ್ಪ ಗೋಡೆಗೊರಗಿದ್ದವನು ಅಲುಗಲಿಲ್ಲ. "ನನಗ ಮೊದಲನೇ ಗುಟುಕಿಗೇ ಗೊತ್ತಾಗಿತ್ತು, ಹೊನ್ನಿ."

"ಏನಂದ್ರಿ?"

"ನಮ್ಮವ್ವಂದು ಬ್ಯಾರೆ ಇತ್ತು. ನೀ ಹೊಸದಾಗಿ ಬಂದಾಕಿ, ಬಟ್ಟಲ ಹಿಡಕೊಂಡು ನಡುಗ್ಕೋತ ನಿಂತಿದ್ದಿ. ಹಂಗಾ ಐತೇನು ಅಂತ ಕೇಳಿದಿ. ಅಲ್ಲ ಅನ್ನಾಕ ಬಾಯಿ ಬರಲಿಲ್ಲ. ಮರುವರ್ಷ ಮತ್ತ ಕೇಳಿದಿ." ಅವನು ಮೂಲೆಯ ಮಡಕೆಯ ಕಡೆ ನೋಡಿದ. "ಆಮ್ಯಾಲ ಅದಾ ಈ ಮನೀದು ಆತು."

ಹೊನ್ನವ್ವ ಅಲ್ಲೇ ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಬಾಗಿಲಲ್ಲಿ ನಿಂತ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಆಚೆ ಮನೆಯಿಂದ ಮಡಕೆ ಎಳೆಯುವ ಸದ್ದು ಕೇಳಿಸಿತು. ಎಲ್ಲರೂ ತಿರುಗಿ ನೋಡಿದೆವು. ಕರೆವ್ವ ತನ್ನ ಗಡಿಗೆಯನ್ನು ಮೂಲೆಯಿಂದ ನಡುಮನೆಗೆ ತಂದು, ಎರಡೂ ಕೈಯಿಂದ ಅದರ ಕಂಠ ಹಿಡಿದು ಬಗ್ಗಿಸುತ್ತಿದ್ದಳು. ದುರಗಪ್ಪ ಓಡಿದ. ಹಿಂದಿನಿಂದ ಹೊನ್ನವ್ವನೂ ಓಡಿದಳು.

"ಬ್ಯಾಡ, ಬಿಡು," ಎಂದು ಅವನು ಮಡಕೆಗೆ ಕೈಹಾಕಿದ.

"ಯಾಕ ಬಿಡಬೇಕು?" ಕರೆವ್ವನ ದನಿ ಇಡೀ ಓಣಿಗೆ ಕೇಳಿಸಿತು. "ಅವ್ವನ ಗಡಿಗಿ ಎದುರಿಗೆ ಕುದಿಯಾಕತ್ತಿತ್ತು. ಅದನ್ನ ನನ್ನ ಗಡಿಗ್ಯಾಗ ಹುಡುಕಿದ್ರಿ. ಹನ್ನೊಂದು ವರ್ಷ! ಇಲ್ಲದ್ದು ಎಲ್ಲಿಂದ ಸಿಕ್ಕೀತು?"

"ಕರೆವ್ವಾ, ಹಂಚಿನ ಮ್ಯಾಲ ಮೊಳಕಿ ಹಾಕಿದ್ರ ಆತವ್ವಾ," ಎಂದಳು ಹೊನ್ನವ್ವ ಮೆಲ್ಲಗೆ. ಊರಿನಲ್ಲಿ ಯಾರೂ ಯಾರಿಗೂ ಹೇಳದಿದ್ದ ಮಾತು. "ನಾ ತೋರಿಸ್ತೀನಿ."

"ಬ್ಯಾಡ್ರಿ ಅಕ್ಕಾರ. ನನಗ ಬಿಸಲಾ ಸಾಕು."

ದುರಗಪ್ಪ ಮಡಕೆಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತ. ಅವನು ಮುಟ್ಟದೆ ಬಿಟ್ಟುಹೋಗಿದ್ದ ಬಟ್ಟಲು ಅಲ್ಲೇ ಇತ್ತು. ಎತ್ತಿಕೊಂಡ. ಹೊಸಿಲಲ್ಲಿ ನಾಲಿಗೆ ತೊಳೆದುಹೋಗಿತ್ತು, ಅಕ್ಕನ ಮನೆಯದು ಒಂದಿಷ್ಟೂ ಉಳಿದಿರಲಿಲ್ಲ. ಅವನು ನಿಧಾನವಾಗಿ ಪೂರ್ತಿ ಕುಡಿದ. ಹೊರಗೆ ಯಾರೂ ಹೋ ಅನ್ನಲಿಲ್ಲ, ಕಾದರು.

ಕರೆವ್ವ ಮಡಕೆಯ ಕಂಠ ಬಿಟ್ಟಿರಲಿಲ್ಲ. "ಹೆಂಗೈತಿ?" ಎಂದಳು.

ಅವನು ಬಟ್ಟಲಿನ ತಳ ನೋಡಿದ, ಅವಳ ಮುಖ ನೋಡಿದ. "ಗೊತ್ತಾಗವಲ್ದು," ಎಂದ. "ಇದನ್ನ ನಾ ಇವತ್ತಾ ಮೊದಲನೇ ಸಲ ಕುಡಿಯಾಕತ್ತೀನಿ. ಇನ್ನೊಂದು ಬಟ್ಟಲ ಹಾಕು."

ಕರೆವ್ವ ಮಡಕೆಯನ್ನು ನೆಟ್ಟಗೆ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಬಟ್ಟಲು ತುಂಬಿದಳು.